ಚಂದ್ರಾ ಲೇಔಟಿನ ಸಂಪು ಮತ್ತು ನನ್ನ ಇಂಟರ್‌ವ್ಯೂಗಳು

ಕೆಲಸವಿದ್ದಾಗ ನಮ್ಮ ಬೀದಿಯಲ್ಲಿ ನನ್ನನ್ನು ಮಾತಾಡಿಸುವವರೇ ಇರಲಿಲ್ಲ. ಕೆಲಸ ಹೋದ ಮೇಲೆ ದಿನಕ್ಕೊಂದು ಪ್ರಸಂಗವಾಗಿ, ಉಸಿರಾಡಲೂ ಪುರುಸೊತ್ತಿಲ್ಲದ ಹಾಗಾಯಿತು.

ಸಾಫ್ಟ್‌ವೇರ್ ಕಂಪನಿ ನನ್ನನ್ನು ಒಂದು ಬೆಳಗ್ಗೆ ದಿಢೀರನೆ ಕಳಿಸಿತು. ನೋಟಿಸ್ ಪೀರಿಯಡ್ ಅಂತ ಒಂದು ದಿನವೂ ಇಲ್ಲ. ನನಗಿಂತ ಅಮ್ಮನಿಗೇ ಸಿಟ್ಟು. "ಪಾತ್ರೆ ತೊಳೆಯೋಳನ್ನ ಬಿಡಿಸೋದಾದ್ರೂ ಒಂದು ತಿಂಗಳು ಮುಂಚೆ ಹೇಳ್ತೀವಿ ಕಣೋ" ಅಂದಳು.

ಬೆಳಗ್ಗೆ ಇಂಟರ್‌ವ್ಯೂಗೆ ಓದು, ಮಧ್ಯಾಹ್ನ ಸ್ವಂತದ್ದೊಂದು ಪ್ರಾಜೆಕ್ಟ್ ಎಂದು ನಿಯಮ ಹಾಕಿಕೊಂಡೆ. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಯಾವ ಹೊತ್ತಿಗೆ ಅನ್ನುವುದು ಬಿಡುವವನಿಗೂ ಗೊತ್ತಿರುವುದಿಲ್ಲ. ನಲ್ಲಿ ಮುಂದೆ ಬಿಂದಿಗೆ ಇಟ್ಟುಕೊಂಡು ಕಾಯುವುದೇ ಎಲ್ಲರಿಗೂ ಒಂದು ಕೆಲಸ. ನಮ್ಮ ಮನೆ ಮುಂದೆ ನೆಲದೊಳಗಿರುವ ನೀರಿನ ಸಂಪಿನ ಪೈಪಿಗೊಂದು ಸೆನ್ಸರ್ ಕೂರಿಸಿ, ನೀರು ಬಂದ ತಕ್ಷಣ ಬೀದಿಯ ಎಲ್ಲರ ಮೊಬೈಲಿಗೂ ಮೆಸೇಜ್ ಹೋಗುವ ಹಾಗೆ ಮಾಡುವುದೇ ನನ್ನ ಪ್ರಾಜೆಕ್ಟ್. "ಬೀದಿಗೆಲ್ಲ ನೀರು ಕೊಡು, ನಿನಗೆ ಅನ್ನ ಯಾರು ಕೊಡ್ತಾರೆ ನೋಡೋಣ" ಅಂದಳು ಅಮ್ಮ.

ಸಣ್ಣ ರೂಮು

ಬೋರಲು ಮಲಗಿ, ಸಂಪಿನ ಬಾಯೊಳಗೆ ತಲೆ ಇಳಿಬಿಟ್ಟು ವೈರ್ ಸಿಕ್ಕಿಸುತ್ತಿದ್ದೆ. ಕಂಪನಿಗಳಿಗೆ ಜನ ಹುಡುಕಿಕೊಡುವ ಏಜೆನ್ಸಿಯಿಂದ ಫೋನ್ ಬಂತು. ಏಳುವಷ್ಟರಲ್ಲಿ ಕಟ್ಟಾದರೆ ಅಂತ ಅಲ್ಲೇ ಎತ್ತಿದೆ.

"ಸಾರ್, ವಾಯ್ಸ್ ತುಂಬಾ ಎಕೋ ಆಗ್ತಿದೆ. ಮೀಟಿಂಗ್ ರೂಮಲ್ಲಿದೀರಾ?" ಅಂದಳು ಏಜೆನ್ಸಿಯ ಹುಡುಗಿ.

"ಹೂಂ ಮೇಡಂ, ಸಣ್ಣ ರೂಮು" ಅಂದೆ ಗತ್ತಿನಿಂದ.

ಮೇಲಿನಿಂದ ಅಮ್ಮನ ದನಿ: "ಮೊದ್ಲು ಸಂಪಿಂದ ತಲೆ ಆಚೆ ತೆಗಿ, ಆಮೇಲೆ ಮಾತಾಡು."

ಆ ಹುಡುಗಿ, "ಪರವಾಗಿಲ್ಲ ಸಾರ್, ನಮ್ಮನೇಲೂ ಇವತ್ತು ಸಂಪು ತೊಳೀತಿದಾರೆ" ಅಂದಳು.

ಒಣಮೆಣಸಿನಕಾಯಿ

ಇಂಟರ್‌ವ್ಯೂನಲ್ಲಿ ಲೆಕ್ಕ ಬಿಡಿಸಿದರೆ ಸಾಲದು, ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಬಿಡಿಸಬೇಕು. ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೆ. ಬಟ್ಟೆ ಒಣಹಾಕಲು ಬಂದ ಎದುರುಮನೆ ಆಂಟಿ ನೋಡಿದವರೇ ಸೀದಾ ಅಮ್ಮನ ಹತ್ತಿರ ಬಂದರು.

"ನಿಮ್ಮ ಮಗ ಟ್ಯಾಂಕಿಗೆ ಇಂಗ್ಲಿಷಲ್ಲಿ ಪಾಠ ಮಾಡ್ತಿದಾನೆ ಕಣ್ರೀ. ದೃಷ್ಟಿ ತೆಗೀರಿ."

ಸಾಯಂಕಾಲ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದ್ದಾಯಿತು. ಘಾಟು ಬರದಿದ್ದರೆ ದೃಷ್ಟಿಯಾಗಿದೆ ಅಂತ ಲೆಕ್ಕ. ನಾವು ಮೂವರೂ ಕಣ್ಣೀರು ಸುರಿಸಿಕೊಂಡು ಕೆಮ್ಮುತ್ತಿದ್ದೆವು. ಆಂಟಿ ಕೆಮ್ಮುತ್ತಲೇ, "ನೋಡಿ, ಒಂಚೂರೂ ಘಾಟಿಲ್ಲ" ಅಂದರು.

ಮರುದಿನವೇ ಒಂದು ಕಂಪನಿ ಇಂಟರ್‌ವ್ಯೂಗೆ ಕರೆಯಿತು. ನಾನು ಓದಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಯಾರಿವರು?

ಕೊನೆಯ ಸುತ್ತು ವಿಡಿಯೋ ಕಾಲಿನಲ್ಲಿತ್ತು. ನೆಟ್ ಕೈಕೊಡದಿರಲಿ ಅಂತ ಟಿವಿ, ಅಮ್ಮನ ಮೊಬೈಲು, ಆಗಲೇ ಬೀದಿಗೆಲ್ಲ ಮೆಸೇಜ್ ಕಳಿಸತೊಡಗಿದ್ದ ಸಂಪಿನ ಸೆನ್ಸರ್ ಎಲ್ಲವನ್ನೂ ವೈಫೈಯಿಂದ ಬಿಡಿಸಿಟ್ಟೆ. ಅವತ್ತು ನೀರು ಬರುವ ದಿನ ಅನ್ನುವುದು ಮರೆತೇ ಹೋಗಿತ್ತು.

ಇಂಟರ್‌ವ್ಯೂ ಮಾಡುತ್ತಿದ್ದ ಸಾಹೇಬರು ನನ್ನ ಪ್ರಾಜೆಕ್ಟಿನ ಕಥೆಯೆಲ್ಲ ಕೇಳಿ, "ಇದನ್ನ ನಿಜವಾಗ್ಲೂ ಯಾರಾದ್ರೂ ಯೂಸ್ ಮಾಡ್ತಾರಾ?" ಅಂದರು. ಅಷ್ಟರಲ್ಲಿ ನನ್ನ ಹಿಂದಿನ ಬಾಗಿಲು ತೆರೆಯಿತು. ಖಾಲಿ ಬಿಂದಿಗೆ ಹಿಡಿದ ಎದುರುಮನೆ ಆಂಟಿ, ಬನಿಯನ್ನಿನಲ್ಲಿ ಮೂಲೆಮನೆ ಅಂಕಲ್, ಅವರ ಬೆನ್ನಿಗೆ ಅರ್ಧ ಬೀದಿ.

"ಏನಪ್ಪಾ, ನೀರು ಬಂದು ನಿಂತೂ ಹೋಯ್ತು. ನಿನ್ನ ಮೆಸೇಜ್ ಎಲ್ಲಿ?" ಅಂದರು ಅಂಕಲ್.

ಸಾಹೇಬರು ಕನ್ನಡಕ ಸರಿಮಾಡಿಕೊಂಡು, "ಯಾರಿವರು?" ಅಂತ ಕೇಳಿದರು.

"ಯೂಸರ್ಸ್ ಸಾರ್" ಅಂದೆ. ಅಷ್ಟು ಹೆಮ್ಮೆಯಿಂದ ನಾನು ಯಾವ ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ.

ಸೋಮವಾರ

ಕೆಲಸ ಸಿಕ್ಕಿತು. ಹೊಸ ಕಂಪನಿಯ ಎಚ್‌ಆರ್ ಮೇಡಂ ಫೋನ್ ಮಾಡಿದಾಗ ಮನೆ ತುಂಬ ಅಕ್ಕಪಕ್ಕದವರು. ಎಲ್ಲರೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದೆ.

"ಸದ್ಯ ಎಲ್ಲೂ ಕೆಲಸದಲ್ಲಿಲ್ಲ ಅಂದ್ರಲ್ಲ, ಸೋಮವಾರವೇ ಸೇರ್ಕೋಬಹುದಾ?"

ನಾನು ಬಾಯಿ ತೆರೆಯುವ ಮೊದಲೇ ಆಂಟಿಯ ಮುಖ ಬಾಡಿತು. "ಹಾಗಾದ್ರೆ ನಮ್ಮ ನೀರಿನ ಗತಿ?" ಅಂದರು. ಅಂಕಲ್ ತಲೆಯಾಡಿಸಿ, "ಹಾಗೆಲ್ಲ ಎದ್ದು ಹೋಗಕ್ಕಾಗಲ್ಲ, ಇನ್ನೊಬ್ಬರಿಗೆ ಕಲಿಸಿಕೊಟ್ಟು ಹೋಗ್ಲಿ" ಅಂದರು.

ಅನ್ನ ಯಾರು ಕೊಡ್ತಾರೆ ಅಂದಿದ್ದ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಫೋನ್ ಕಿತ್ತುಕೊಂಡಳು.

"ನಮಸ್ಕಾರಮ್ಮ. ಸೋಮವಾರ ಆಗಲ್ಲ. ಅವನಿಗೆ ನಮ್ಮ ಬೀದಿಯಲ್ಲಿ ಒಂದು ತಿಂಗಳು ನೋಟಿಸ್ ಪೀರಿಯಡ್ ಇದೆ."