ಐವತ್ತೆಂಟನೆಯ ನಂಬರಿನ ಹಳದಿ ಕಾರ್ಡು

ನಾಕ್ಸ್‌ವಿಲ್, ಟೆನೆಸ್ಸೀ
ಆಗಸ್ಟ್ ೩

ಮಾನ್ಯರೇ,

ದಾನದಲ್ಲಿ ಧಾರಾಳಿಗಳೂ, ನಿಯಮಪಾಲನೆಯಲ್ಲಿ ಅದಕ್ಕಿಂತಲೂ ಧಾರಾಳಿಗಳೂ ಆದ ಸಣ್ಣ ಚಿಪ್ಪುಜೀವಿಗಳ ವರ್ಗೀಕರಣ ಸಂಘದ ಪ್ರಯಾಣ ಪುರಸ್ಕಾರ ಸಮಿತಿಯ ಸಮಸ್ತ ಸದಸ್ಯರಿಗೆ, ಈ ಸಾಲಿನ 'ಉದಯೋನ್ಮುಖ ವಿಜ್ಞಾನಿ' ಎಂದು ತಮ್ಮಿಂದಲೇ ಬಿರುದು ಪಡೆದು ಉದಯಿಸಿದ ಮೂರೇ ವಾರಗಳಲ್ಲಿ ಅಸ್ತಮಿಸುವ ಸ್ಥಿತಿಗೆ ಬಂದಿರುವ ಲೊರೀನಾ ಹಕಬಿ ಎಂಬ ವಿದ್ಯಾರ್ಥಿನಿ ಮಾಡುವ ಅನಂತ ನಮಸ್ಕಾರಗಳು. ತಮ್ಮ ಪತ್ರ ತಲುಪಿತು. ನನಗೆ ದಯಪಾಲಿಸಿದ ಆರುನೂರು ಡಾಲರುಗಳನ್ನು ಪ್ರಯಾಣಕ್ಕೆ ಬಳಸಿದ್ದಕ್ಕೆ ಆಧಾರವಿಲ್ಲವೆಂದೂ, ನಾನು ಲಗತ್ತಿಸಿದ ಏಕೈಕ ದಾಖಲೆ ಬಸವನಹುಳುವೊಂದರ ಖರೀದಿಗೆ ಸಂಬಂಧಿಸಿದ್ದೆಂದೂ, ಬಸವನಹುಳು ಪ್ರಯಾಣವಲ್ಲವೆಂದೂ, ಆದ್ದರಿಂದ ಹಣ ಹಿಂದಿರುಗಿಸತಕ್ಕದ್ದೆಂದೂ, ಮೂಲ ದಾಖಲೆಗಳನ್ನು ಯಾವ ಕಾರಣಕ್ಕೂ ವಾಪಸು ಕೊಡುವುದಿಲ್ಲವೆಂದೂ ತಾವು ಅಪ್ಪಣೆ ಕೊಡಿಸಿದ್ದೀರಿ. ಹಣದ ವಿಚಾರ ಆಮೇಲೆ ನೋಡೋಣ. ನನಗೆ ಬೇಕಾದದ್ದು ಆ ದಾಖಲೆ, ಅಂದರೆ ತಮ್ಮ ಕಡತದಲ್ಲಿ ಬೆಚ್ಚಗೆ ಕುಳಿತಿರುವ ಐವತ್ತೆಂಟನೆಯ ನಂಬರಿನ ಹಳದಿ ಕಾರ್ಡು. ಅದು ಹದಿನೈದನೆಯ ತಾರೀಖಿನೊಳಗೆ ನನ್ನ ಕೈ ಸೇರದಿದ್ದರೆ ನನ್ನ ಐದು ವರ್ಷದ ಓದು ಮಣ್ಣುಪಾಲು.

ಹೇಗೆಂದು ಬಿನ್ನವಿಸುತ್ತೇನೆ. ನಾಲ್ಕು ವಸಂತಗಳ ಕಾಲ ನಮ್ಮ ಬೆಟ್ಟದ ಒಂದು ಒದ್ದೆ ಸುಣ್ಣಕಲ್ಲಿನ ಗೋಡೆಯ ಮುಂದೆ ಮಂಡಿಯೂರಿ ತೆವಳಿದ್ದಕ್ಕೆ ಪ್ರತಿಫಲವಾಗಿ ನನಗೆ ಸಿಕ್ಕಿದ್ದು ಸಾಸಿವೆ ಕಾಳಿನಷ್ಟು ಗಾತ್ರದ ಒಂದೇ ಒಂದು ಬಸವನಹುಳು. ಅದರ ಚಿಪ್ಪಿನ ಬಾಯಂಚಿನಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಹಲ್ಲಿದೆ. ಹೊಸ ಪ್ರಭೇದವೆಂದು ಕುಣಿದಾಡಿ ತಮ್ಮ ಸಂಘದ ಪತ್ರಿಕೆಗೆ ಲೇಖನ ಬರೆದು ಕಳಿಸಿದರೆ, ಪರಿಶೀಲಕ ಮಹಾಶಯರು "ಇದು ಎಲ್ಲೆಲ್ಲೂ ಸಿಗುವ ಹುಳುವಿನ ಮರಿ, ಲೇಖಕಿ ಅದು ಬೆಳೆಯುವ ತನಕ ಕಾಯಬಹುದಿತ್ತು" ಎಂದು ಷರಾ ಬರೆದರು. ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟ ಹುಳು ಬೆಳೆಯುವುದನ್ನು ನಾನಂತೂ ಇದುವರೆಗೆ ನೋಡಿಲ್ಲ. ನಮ್ಮ ವಿಭಾಗದವರು ಗಡುವು ಕೊಟ್ಟರು: ಇದು ಮರಿಯಲ್ಲ ಎಂದು ತಿಳಿದವರೊಬ್ಬರು ಸ್ವಹಸ್ತದಿಂದ ಬರೆದು ಕೊಡಲಿ, ಇಲ್ಲವಾದರೆ ಆಗಸ್ಟ್ ಹದಿನೈದರ ಸಭೆಯಲ್ಲಿ ನನ್ನ ಪ್ರಬಂಧವನ್ನು ಮುಚ್ಚಲಾಗುವುದು.

ತಿಳಿದವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ಎಂಬತ್ತೊಂದು ವರ್ಷದ ಡಾ. ಥೆಕ್ಲಾ ನೊವಾಚೆಕ್. ಆ ಪುಣ್ಯಾತ್ಮರು ಇಮೇಲು ನೋಡುವುದಿಲ್ಲ, ಫೋನು ಎತ್ತುವುದಿಲ್ಲ, ಅಂಚೆಯಲ್ಲಿ ಬಂದ ಸೀಸೆಗಳನ್ನು ಬಿಚ್ಚುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಮ್ಮ ಸಂಘದ ಸಮ್ಮೇಳನಕ್ಕೆ ಮಾತ್ರ ಬರುತ್ತಾರೆ. ಈ ಸಲದ ಸಮ್ಮೇಳನ ಉತ್ತರದ ಸರೋವರದ ದಂಡೆಯ ಡುಲೂತ್‌ನಲ್ಲಿ, ಸಾವಿರ ಮೈಲಿ ದೂರ. ಅಂಥ ಹೊತ್ತಿನಲ್ಲಿ ತಮ್ಮ ಪುರಸ್ಕಾರದ ಸುದ್ದಿ ಬಂದಾಗ ನಾನು ಪ್ರಯೋಗಶಾಲೆಯ ಕುರ್ಚಿಯ ಮೇಲೆ ಹತ್ತಿ ಕೂಗಿದ್ದು ನಿಜ, ಕುರ್ಚಿ ಮುರಿದದ್ದೂ ನಿಜ.

ಪುರಸ್ಕೃತರೆಲ್ಲರೂ ಔತಣದ ರಾತ್ರಿಯ ಹರಾಜಿಗೆ ಕೈಯಾರೆ ಮಾಡಿದ ಒಂದು ವಸ್ತುವನ್ನು ಕೊಡಬೇಕು, ಹರಾಜಿನ ಮಾಲುಗಳನ್ನು ಮೇಜಿಂದ ಮೇಜಿಗೆ ಹೊತ್ತು ತೋರಿಸಬೇಕು, ಬಂದ ಹಣ ಮುಂದಿನ ವರ್ಷದ ವಿದ್ಯಾರ್ಥಿಗಳ ಪ್ರಯಾಣಕ್ಕೆ ಎಂಬ ತಮ್ಮ ಸುಂದರ ಸಂಪ್ರದಾಯವನ್ನು ನಾನು ಶಿರಸಾವಹಿಸಿದೆ. ಬಸವನಹುಳುವಿನ ಚಿಪ್ಪಿನಂತೆ ಸುತ್ತು ಸುತ್ತಾಗಿ, ಮೇಲೆರಡು ಕೊಂಬಿಟ್ಟು ಒಂದು ಉಣ್ಣೆ ಟೋಪಿ ಹೆಣೆದೆ. ಗೆಳತಿ ಮರಿಸೊಲ್‌ಳ ಹಳೆ ಕಾರು ಹಳ್ಳ ಕಂಡಲ್ಲೆಲ್ಲ ಹಾರುವ ಜಾತಿಯದಾದ್ದರಿಂದ, ಹುಳುವಿನ ಸೀಸೆ ಒಡೆಯದಿರಲೆಂದು ಅದನ್ನು ಟೋಪಿಯ ಒಳಮಡಿಕೆಯಲ್ಲಿ ಸುತ್ತಿಟ್ಟೆ. ಎರಡು ದಿನ ಕುಲುಕಾಡಿ ಡುಲೂತ್ ತಲುಪಿ, ತೂಕಡಿಸುತ್ತಲೇ ಟೋಪಿಯನ್ನು ಹರಾಜಿನ ಮೇಜಿಗೆ ಕೊಟ್ಟು ಹೋಗಿ ಮಲಗಿದೆ. ಮಾನ್ಯರೇ, ಮುಂದಿನದ್ದನ್ನು ತಾವು ಊಹಿಸಿರಬಹುದು. ನಾನು ಮಾತ್ರ ಮರುದಿನ ಮಧ್ಯಾಹ್ನದ ತನಕ ಊಹಿಸಲಿಲ್ಲ.

ಊಹಿಸಿದ ಮೇಲೆ ಚಪ್ಪಲಿ ಮೆಟ್ಟಲೂ ನಿಲ್ಲಲಿಲ್ಲ. ಓಡಿಹೋಗಿ ಕೇಳಿದರೆ, ಮಾಲುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಹಾಕಿಯಾಗಿದೆ, ಬೀಗದ ಕೈ ಹರಾಜುದಾರ ವಿಂಡೆಲ್ ಒಗಲ್ಸ್‌ಬಿಯವರ ಹತ್ತಿರ ಇದೆ, ಅವರು ಸರೋವರದಲ್ಲಿ ದೋಣಿ ಹತ್ತಿದ್ದಾರೆ ಎಂದರು. ಥೆಕ್ಲಾ ಅವರನ್ನು ಹುಡುಕಿದರೆ ಅವರೂ ಅದೇ ದೋಣಿಯಲ್ಲಿದ್ದರು. ಸಂಜೆ ದೋಣಿ ಮರಳಿತು, ಎಲ್ಲರೂ ನೇರವಾಗಿ ಊಟಕ್ಕೆ ನುಗ್ಗಿದರು. ಒಣಗಿದ ಕೋಳಿ ಮತ್ತು ಕಾಡಕ್ಕಿಯ ಸಾರಿನ ನಡುವೆ ತಮ್ಮ ಅಧ್ಯಕ್ಷರು ನನ್ನ ಹೆಸರು ಕರೆದು ಚೆಕ್ಕು ಕೊಟ್ಟರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಕಣ್ಣು ಪೆಟ್ಟಿಗೆಯ ಮೇಲಿತ್ತು.

ಟೋಪಿ ಬೇಗ ಮಾರಾಟವಾಯಿತು, ಕೊಂಡವರು ತಮ್ಮ ಅಧ್ಯಕ್ಷರೇ. ಒಳಗೆ ಕೈ ಹಾಕಿದೆ, ಖಾಲಿ. ಅಷ್ಟರಲ್ಲಿ ತಲೆಗೆ ಬಟ್ಟೆಯ ಆಕ್ಟೋಪಸ್ ಕಟ್ಟಿಕೊಂಡಿದ್ದ ವಿಂಡೆಲ್ ಮುಂದಿನ ಮಾಲಿನ ತಟ್ಟೆಯನ್ನು ನನ್ನ ಕೈಗಿಟ್ಟು, "ನಲವತ್ತೊಂದನೇ ಮಾಲು! ಟೋಪಿ ಒಳಗೆ ಸಿಕ್ಕಿದ್ದು, ಯಾರು ಕೊಟ್ರೋ ಗೊತ್ತಿಲ್ಲ, ಪುಟಾಣಿ ಹುಳ ಇದೆ, ಸುರು ಮಾಡ್ರಪ್ಪ ಐದು ಡಾಲರಿಂದ!" ಎಂದು ಗಂಟೆ ಬಾರಿಸಿದರು. ತಟ್ಟೆಯಲ್ಲಿ ನನ್ನದೇ ಕೈಬರಹದ ಚೀಟಿ ಅಂಟಿಸಿದ ನನ್ನದೇ ಸೀಸೆ!

"ಅಯ್ಯೋ, ಇದು ನನ್ನದು! ನನ್ನದು!" ಎಂದು ಕಿರುಚಿದೆ. ವಿಂಡೆಲ್ ಆನಂದದಿಂದ, "ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮಾ, ನಂಬರ್ ಎತ್ತು! ಕೂಗಿದ ಮಾಲು ವಾಪಸ್ ಹೋಗಲ್ಲ, ಒಂಬತ್ತನೇ ನಿಯಮ!" ಎಂದರು. ಇಡೀ ಸಭೆ ಮೇಜು ಗುದ್ದಿ ನಕ್ಕಿತು. ಒಂಬತ್ತನೆಯ ನಿಯಮವನ್ನು ರಚಿಸಿದ ತಮ್ಮ ದೂರದೃಷ್ಟಿಗೆ ನಮಿಸುತ್ತಾ ನಾನು, ಹರಾಜು ಕೂಗಲೆಂದು ಎಲ್ಲರಿಗೂ ಹಂಚಿದ್ದ ನಂಬರಿನ ಹಳದಿ ಕಾರ್ಡುಗಳಲ್ಲಿ ನನ್ನದನ್ನು ಎತ್ತಿದೆ. ಐದು ಡಾಲರು, ಐವತ್ತೆಂಟನೆಯ ನಂಬರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ಮೇಜಿನಲ್ಲಿ ಕುಳಿತಿದ್ದ ಡಾ. ಥೆಕ್ಲಾ, "ಇಲ್ಲಿ ತಾ ಮಗೂ" ಎಂದು ನನ್ನ ತಟ್ಟೆಯಿಂದ ಸೀಸೆ ಎತ್ತಿಕೊಂಡು, ಕೊರಳಲ್ಲಿ ನೇತಾಡುವ ಮಸೂರವನ್ನು ಕಣ್ಣಿಗೊತ್ತಿ ದೀಪಕ್ಕೆ ಹಿಡಿದರು. ಇಪ್ಪತ್ತು ಸೆಕೆಂಡು ಅಲುಗಾಡಲಿಲ್ಲ. ಸೀಸೆಯನ್ನು ಮೆಲ್ಲಗೆ ತಟ್ಟೆಗಿಟ್ಟರು. ಚಮಚ ಬದಿಗೆ ಸರಿಸಿದರು. ಆಮೇಲೆ ತಮ್ಮ ಕಾರ್ಡು ಎತ್ತಿದರು.

ಮಾನ್ಯರೇ, ಅರವತ್ತು ವರ್ಷಗಳಲ್ಲಿ ಆಕೆ ಹರಾಜಿನಲ್ಲಿ ಕಾರ್ಡು ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಎಲ್ಲೆಲ್ಲೂ ಸಿಗುವ ಹುಳುವಿನ ಮರಿಗೆ ಆಕೆ ಹತ್ತು ಡಾಲರು ಕೂಗುತ್ತಾರೆಯೇ? ನಾನು ಇಪ್ಪತ್ತು ಎಂದೆ. ಆಕೆ ಮೂವತ್ತು. ನಾನು ಅರವತ್ತು, ಆಕೆ ನೂರು! ಪ್ರತಿ ಸಲ ಆ ಸುಕ್ಕುಗಟ್ಟಿದ ಕೈ ಮೇಲೆದ್ದಾಗಲೂ ನಾನು ಇನ್ನಷ್ಟು ಬಡವಳಾದೆ, ನನ್ನ ಹುಳು ಇನ್ನಷ್ಟು ಹೊಸದಾಯಿತು. ಇನ್ನೂರಕ್ಕೆ ನನಗೆ ನಗು ಬಂತು, ಮುನ್ನೂರಕ್ಕೆ ಅಳು ಬಂತು, ನಾನೂರಕ್ಕೆ ಎರಡೂ ಒಟ್ಟಿಗೆ ಬಂದವು. ಮರಿಸೊಲ್ ನನ್ನ ಅಂಗಿ ಜಗ್ಗುತ್ತಾ, "ಏ ಹುಚ್ಚಿ, ನಿಲ್ಸೇ! ವಾಪಸ್ ಹೋಗೋಕೆ ಪೆಟ್ರೋಲಿಗೆ ಏನ್ಮಾಡ್ತೀಯ?" ಎಂದಳು. "ಸುಮ್ನಿರೇ, ನೋಡೇ, ಅವರು ಇನ್ನೂ ಎತ್ತುತ್ತಿದ್ದಾರೆ ಕಣೇ!" ಎಂದೆ. ಪರಿಶೀಲನೆ ಎಂದರೆ ಇದು. ತಮ್ಮ ಪತ್ರಿಕೆಯಲ್ಲೂ ಪರಿಶೀಲಕರು ಹೀಗೆಯೇ ಸ್ವಂತ ಜೇಬಿನಿಂದ ಅಭಿಪ್ರಾಯ ಹೇಳುವ ಪದ್ಧತಿಯನ್ನು ಜಾರಿಗೆ ತರಬೇಕೆಂದು ಈ ಮೂಲಕ ಕೋರುತ್ತೇನೆ.

ಆರುನೂರು ಎಂದು ನಾನು ಕೂಗಿದಾಗ ಥೆಕ್ಲಾ ಕಾರ್ಡನ್ನು ಮಡಿಲಿಗಿಳಿಸಿದರು. ವಿಂಡೆಲ್ ಗಂಟೆ ಬಾರಿಸಿದರು. ತಾವು ಕೊಟ್ಟ ಚೆಕ್ಕು, ಕೊಟ್ಟು ಒಂದು ಗಂಟೆಯಾಗುವುದರೊಳಗೆ, ಐಸ್‌ಕ್ರೀಮು ಬರುವುದಕ್ಕೂ ಮೊದಲು, ನನ್ನ ರುಜುವಿನೊಂದಿಗೆ ಅದೇ ಮೇಜಿಗೆ ಮರಳಿತು. ರಸೀದಿ ಪುಸ್ತಕ ಮುಗಿದಿದ್ದರಿಂದ ಗುಮಾಸ್ತೆ 'ಸಂದಾಯವಾಗಿದೆ' ಎಂಬ ಮುದ್ರೆಯನ್ನು ನನ್ನ ಕಾರ್ಡಿನ ಮೇಲೆಯೇ ಒತ್ತಿಕೊಟ್ಟರು.

ಆಗ ಥೆಕ್ಲಾ ಕೋಲೂರಿಕೊಂಡು ಬಂದರು. "ಮೂವತ್ತಕ್ಕೇ ಗೊತ್ತಾಯ್ತು ಮಗೂ, ಈ ಹುಳ ನಿಂದೇ ಅಂತ. ಬೇರೆ ಯಾರು ಹಾಗೆ ನಡುಗ್ತಾರೆ?" ಎಂದರು. ಮತ್ತೇಕೆ ಏರಿಸಿದಿರಿ ಎಂದು ಕೇಳಿದರೆ, "ದುಡ್ಡು ಪಾಪದ ವಿದ್ಯಾರ್ಥಿಗಳಿಗೆ ಹೋಗುತ್ತಲ್ಲ!" ಎಂದು ಕಣ್ಣು ಮಿಟುಕಿಸಿದರು. ಮಾನ್ಯರೇ, ಆ ಪಾಪದ ವಿದ್ಯಾರ್ಥಿನಿ ಅವರೆದುರಿಗೇ ನಿಂತಿದ್ದಳು. ಆದರೆ ಅವರು ನನ್ನ ಕೈಯಿಂದ ಆ ಕಾರ್ಡನ್ನು ಕಸಿದುಕೊಂಡು ಹಿಂಬದಿಯಲ್ಲಿ ಬರೆದರು: "ಮರಿಯಲ್ಲ. ಬೆಳೆದದ್ದು. ಹೊಸದು." ಕೆಳಗೆ ಸಹಿ, ತಾರೀಖು. ನಾನೂ ಮರಿಸೊಲ್ಲೂ ಮೇಜುಗಳ ನಡುವೆ ಕುಣಿದೆವು. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ನಾನು ಪಟ್ಟಿರಲಿಲ್ಲ. ಔತಣದಲ್ಲಿ ಉಳಿದ ಬನ್ನುಗಳನ್ನು ತಿನ್ನುತ್ತಾ, ಮರಿಸೊಲ್‌ಳ ಪೆಟ್ರೋಲಿನಲ್ಲಿ ಮನೆ ಸೇರಿದೆವು.

ಸೇರಿದ ಮೇಲೆ ತಮ್ಮ ಖರ್ಚಿನ ನಮೂನೆ ಕಾದಿತ್ತು, 'ಮೂಲ ದಾಖಲೆ ಮಾತ್ರ' ಎಂಬ ಸೂಚನೆಯೊಂದಿಗೆ. ನಾನು ಸಂತೋಷದ ಮತ್ತಿನಲ್ಲಿ ಮುದ್ರೆಯಿದ್ದ ಕಾರ್ಡನ್ನೇ ಲಕೋಟೆಗೆ ಹಾಕಿ ಅಂಚೆಗೆ ಕೊಟ್ಟೆ. ಫೋಟೋ ತೆಗೆದಿಟ್ಟುಕೊಳ್ಳಬಾರದಿತ್ತೇ ಎಂದು ದಯವಿಟ್ಟು ಕೇಳಬೇಡಿ. ತೆಗೆದಿದ್ದೇವೆ. ಅದರಲ್ಲಿ ಮರಿಸೊಲ್‌ಳ ಹೆಬ್ಬೆರಳು ಅತ್ಯಂತ ಸ್ಪಷ್ಟವಾಗಿ ಬಂದಿದೆ. ಥೆಕ್ಲಾ ಅವರನ್ನೇ ಇನ್ನೊಮ್ಮೆ ಕೇಳೋಣವೆಂದರೆ ಅವರು ಅಲಾಸ್ಕದ ಯಾವುದೋ ದ್ವೀಪಕ್ಕೆ ಹುಳು ಆರಿಸಲು ಹೋಗಿದ್ದಾರೆ, ಬರುವುದು ಅಕ್ಟೋಬರಿಗೆ.

ಆದ್ದರಿಂದ ನನ್ನ ಬೇಡಿಕೆಗಳು ಇಷ್ಟು. ಬಸವನಹುಳು ಪ್ರಯಾಣವಲ್ಲದಿರಬಹುದು, ಆದರೆ ಅದು ಸಾವಿರ ಮೈಲಿ ಹೋಗಿ ಸಾವಿರ ಮೈಲಿ ಬಂದದ್ದರಿಂದ ಪ್ರಯಾಣಿಕ ಎಂದು ಪರಿಗಣಿಸಿ, ಅದನ್ನು ಈ ಸಾಲಿನ ಉದಯೋನ್ಮುಖ ವಿಜ್ಞಾನಿಯೆಂದು ಘೋಷಿಸಿ. ಸಮ್ಮೇಳನದಲ್ಲಿ ನನಗಿಂತ ಅದರ ಮಾತೇ ಹೆಚ್ಚು ನಡೆಯಿತು. ಈ ವರ್ಷ ತಮ್ಮ ನಿಧಿಗೆ ಅತಿ ದೊಡ್ಡ ದಾನಿ ನಾನೇ ಆಗಿರುವುದರಿಂದ, ಮುಂದಿನ ಸಾಲಿನ ಪುರಸ್ಕಾರಕ್ಕೆ ನನ್ನ ಹೆಸರಿಟ್ಟು, ಅದನ್ನು ನನಗೇ ಕೊಟ್ಟು, ಹಳೆಯ ಆರುನೂರಕ್ಕೆ ವಜಾ ಮಾಡಿಕೊಳ್ಳಿ. ಇವೆಲ್ಲ ನಿಯಮಕ್ಕೆ ವಿರುದ್ಧವೆನಿಸಿದರೆ ಬಿಡಿ, ಯಾವುದೂ ಬೇಡ. ಆರುನೂರನ್ನು ನಾನು ಪಾತ್ರೆ ತೊಳೆದಾದರೂ ತೀರಿಸುತ್ತೇನೆ. ಆ ಕಾರ್ಡನ್ನು ಮಾತ್ರ ಕಳಿಸಿಕೊಡಿ. 'ಹಿಂಬದಿಯಲ್ಲಿ ಯಾರೋ ಗೀಚಿದ್ದರಿಂದ ದಾಖಲೆ ಅಸಿಂಧು' ಎಂದು ತಾವು ಬರೆದಿದ್ದೀರಲ್ಲ, ಆ ಗೀಚಿದ್ದೇ ನನ್ನ ಬದುಕು.

ತಮ್ಮ ಕೃಪೆಯಿಂದ ಹೋಗಿ, ಗೆಳತಿಯ ಕೃಪೆಯಿಂದ ಮರಳಿದ

ತಮ್ಮ ವಿಶ್ವಾಸಿ,
ಲೊರೀನಾ ಹಕಬಿ

ತಾ.ಕ.: ಹೊಸ ಪ್ರಭೇದಕ್ಕೆ ಹೆಸರಿಡುವ ಹಕ್ಕು ನನ್ನದಾದ್ದರಿಂದ, ಈ ಬಸವನಹುಳುವಿಗೆ ತಮ್ಮ ಸಮಿತಿಯ ಹೆಸರನ್ನೇ ಇಡಲು ನಿಶ್ಚಯಿಸಿದ್ದೇನೆ, ಕಾರ್ಡು ಹದಿನೈದರೊಳಗೆ ಬಂದರೂ ಸರಿ, ಬಾರದೆ ಇನ್ನಾವ ವರ್ಷವೋ ನಾನು ಅದನ್ನು ಪ್ರಕಟಿಸಬೇಕಾಗಿ ಬಂದರೂ ಸರಿ. ಹೆಸರಿಟ್ಟ ಕಾರಣವನ್ನು ಒಂದು ಸಾಲಿನಲ್ಲಿ ಮುದ್ರಿಸಬೇಕೆಂಬುದು ತಮಗೆ ಗೊತ್ತೇ ಇದೆ. ಆ ಸಾಲಿನಲ್ಲಿ ತಮ್ಮ ಔದಾರ್ಯವನ್ನು ಬರೆಯಬೇಕೋ, ತಮ್ಮ ವೇಗವನ್ನು ಬರೆಯಬೇಕೋ ಎಂಬುದನ್ನು ತಮಗೇ ಬಿಟ್ಟಿದ್ದೇನೆ.