ಪವಾಯಿಗೆ ಹೋದ ತಾಡಪತ್ರಿ

ಖಂಡಪ್ಪ ಆರಡಿ ಒಂದಿಂಚು ಎತ್ತರದ ಮನುಷ್ಯ. ಮುಂಬಯಿಯ ವಡಾಲದ ಚಾಳಿನ ತುತ್ತತುದಿಯ ಮಾಳಿಗೆಯಲ್ಲಿ, ಹೆಂಚಿನ ಕೆಳಗೆ, ಹೆಂಡತಿ ದೇವಕ್ಕ ಮತ್ತು ಇಬ್ಬರು ಮಕ್ಕಳೊಡನೆ ಒಂದು ಖೋಲಿಯಲ್ಲಿ ಅವನ ಸಂಸಾರ. ಹನ್ನೊಂದು ವರ್ಷದಿಂದ ಅವನು ಆ ಖೋಲಿಯಲ್ಲಿ ಕಾಲು ಚಾಚಿ ಮಲಗಿದವನಲ್ಲ. ಭಾನುವಾರ ಮಧ್ಯಾಹ್ನ ಉಂಡು ಅಡ್ಡಾದಾಗ ಮೈಮರೆತು ಚಾಚಿದನೆಂದರೆ ಪಾದಗಳೆರಡೂ ಹೊಸ್ತಿಲು ದಾಟಿ ಗ್ಯಾಲರಿಗೆ ಹೋಗುತ್ತಿದ್ದವು. ನಲ್ಲಿಗೆ ಹೊರಟ ಹೆಂಗಸರು ಕೊಡ ಹಿಡಿದುಕೊಂಡು, ಇದನ್ನು ದಾಟಬೇಕೋ ತುಳಿಯಬೇಕೋ ಎಂದು ನಿಂತುಬಿಡುತ್ತಿದ್ದರು. (ಒಬ್ಬಿಬ್ಬರು ತುಳಿದದ್ದೂ ಉಂಟು.)

ತಪ್ಪು ಖೋಲಿಯದಲ್ಲ, ಸಾಮಾನಿನದು. ಗೋಡೆಯುದ್ದಕ್ಕೂ ಮಲಗಿದ್ದರೆ ಖಂಡಪ್ಪ ಪೂರ್ತಿ ಹಿಡಿಸುತ್ತಿದ್ದ; ಆದರೆ ಆ ಜಾಗದಲ್ಲಿ ಮಳೆಗಾಲ ಮತ್ತು ಚಳಿಗಾಲ ಎರಡೂ ಮಲಗಿದ್ದವು. ಮಳೆಗಾಲದಲ್ಲಿ ಹೆಂಚಿನ ಮೇಲೆ ಹೊದಿಸುವ ತಾಡಪತ್ರಿ, ಮೂರು ಛತ್ರಿ, ಎರಡು ಜೊತೆ ಗಮ್‌ಬೂಟು, ಒದ್ದೆ ಬಟ್ಟೆ ಒಣಗಿಸುವ ಇದ್ದಿಲಿನ ಶೇಗಡಿ, ಅದರ ಮೇಲೆ ಕವುಚುವ ಬಿದಿರಿನ ಬುಟ್ಟಿ. ಚಳಿಗೆಂದು ಆರು ಕೌದಿ. ದೇವಕ್ಕನ ತಾಯಿ ಊರಲ್ಲಿ ಕೂತು ಎರಡು ವರ್ಷಕ್ಕೊಂದು ಹೊಲಿದು ಕಳಿಸುತ್ತಿದ್ದರು. ಮುಂಬಯಿಗೆ ಚಳಿ ಬರುವುದು ಹನ್ನೆರಡು ದಿನ ಮಾತ್ರ ಎಂದು ಅತ್ತೆಗೆ ತಿಳಿಸುವ ಧೈರ್ಯ ಅಳಿಯನಿಗೆ ಇರಲಿಲ್ಲ.

ಆ ವರ್ಷ ದಸರೆಯ ಹೊತ್ತಿಗೆ ಅವನಿಗೆ ಜ್ಞಾನೋದಯವಾಯಿತು. ಆಯಾ ಋತುವಿನ ಸಾಮಗ್ರಿ ಆಯಾ ಋತುವಿನಲ್ಲಿ ಮಾತ್ರ ಮನೆಯಲ್ಲಿರಬೇಕು. ಉಳಿದ ಕಾಲ ಹೊರಗೆಲ್ಲಾದರೂ ವನವಾಸ ಮಾಡಬೇಕು!

"ದಾದರದಾಗ ನಮ್ಮಣ್ಣನ ಮನಿ ಐತೆಲ್ಲ?" ಎಂದಳು ದೇವಕ್ಕ.

"ನಿಮ್ಮಣ್ಣ ಗುರಲಿಂಗಪ್ಪನ ಮನಿಯಾಗ ಇಟ್ರ ಸಾಮಾನು ಅವಂದ ಆಗತೈತಿ. ಹೋದ ವರ್ಷ ಒಯ್ದ ಛತ್ರಿ ಕೊಟ್ಟಾನೇನು?"

"ಒಂದು ಛತ್ರಿಗೆ ಎಷ್ಟ ಸಲ ಅಂತೀರಿ? ಹಂಗಾರ ನಿಮ್ಮ ಗೋದಿಯಾಗ ಇಡ್ರಿ."

ಖಂಡಪ್ಪ ಬಂದರಿನ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಫಿಟ್ಟರ್. ಅಲ್ಲಿನ ಗೋದಾಮಿನ ಇಲಿಗಳು ಬೆಕ್ಕನ್ನು ಅಟ್ಟಿಸಿಕೊಂಡು ಹೋಗುವುದನ್ನು ಕಣ್ಣಾರೆ ಕಂಡವನು. ಅವು ಕೌದಿಯಲ್ಲಿ ಬಾಣಂತನ ಮುಗಿಸಿ ಹೊರಬರುವ ಚಿತ್ರ ಕಣ್ಣೆದುರು ಬಂದು ಬೇಡವೆಂದುಬಿಟ್ಟ.

ಉಳಿದದ್ದು ಮುರ್ತುಜಾ. ಖಂಡಪ್ಪನ ಊರಿನವನೇ, ಪವಾಯಿ ಕೆರೆಯ ಹತ್ತಿರ ಒಬ್ಬ ಸೇಠನ ಬಂಗಲೆಗೆ ಕಾವಲುಗಾರ. ಸೇಠ ಶನಿವಾರ ಸಂಜೆ ಮೀನು ಹಿಡಿಯಲು ಬಂದು, ಸೋಮವಾರ ಬೆಳಿಗ್ಗೆ (ಮೀನಿಲ್ಲದೆ) ಹೋಗುತ್ತಿದ್ದ. ಹಿತ್ತಲಲ್ಲೊಂದು ಶೆಡ್ಡು. ಸೇಠನ ಗಾಳ, ದೋಣಿಯ ಹುಟ್ಟು, ಬೆತ್ತದ ಕುರ್ಚಿ ಇಟ್ಟ ಮೇಲೂ ಅರ್ಧ ಖಾಲಿ.

ದಸರೆಯ ರಜೆ ಗುರುವಾರ ಬಂದಿತ್ತು. ಗಂಡಹೆಂಡಿರು ಕುರ್ಲಾದವರೆಗೆ ಲೋಕಲ್, ಅಲ್ಲಿಂದ ಬಸ್ಸು ಹಿಡಿದು ಶೆಡ್ಡು ನೋಡಲು ಹೋದರು. ದೇವಕ್ಕ ಮಗಳಿಗೆ ವರನನ್ನು ನೋಡುವಷ್ಟು ಕಟ್ಟುನಿಟ್ಟಾಗಿ ನೋಡಿದಳು. ಗೆದ್ದಲು ಹತ್ತಿದೆಯೇ ಎಂದು ಬಾಗಿಲು ಕುಟ್ಟಿದಳು. ಸೋರಿದ ಕಲೆ ಇದೆಯೇ ಎಂದು ತಲೆಯೆತ್ತಿ ನೋಡಿದಳು. ಬೀಗ ಯಾರ ಹತ್ತಿರ, ಹಾವು ಬರುತ್ತವೆಯೇ, ಅಕ್ಕಪಕ್ಕದ ಜನ ಎಂಥವರು ಎಂದು ಕೇಳಿದಳು.

"ಅಕ್ಕಾರ, ಫಿಕರ್ ಮಾಡಬ್ಯಾಡ್ರಿ," ಎಂದ ಮುರ್ತುಜಾ. "ನನ್ನ ಜಾನ್ ಹೋದ್ರೂ ನಿಮ್ಮ ಕೌದಿ ಹೋಗೂದಿಲ್ಲ. ಸೇಠಗ ಮಾತ್ರ ಗೊತ್ತಾಗಬಾರದು."

"ಅವಗ ಯಾಕ ಗೊತ್ತಾಗತೈತಿ? ಇದೆಲ್ಲ ನಾನು ನೋಡ್ಕೋತೀನಿ," ಎಂದು ಖಂಡಪ್ಪ ಹೆಂಡತಿಯ ಕಡೆ ತಿರುಗಿದ. "ಗಂಡಸರ ವ್ಯವಹಾರ. ನೀ ನಡುವ ಬರಬ್ಯಾಡ."

ದೀಪಾವಳಿಯ ರಜೆಯಲ್ಲಿ ಸಾಮಾನು ಸಾಗಿತು. ಸುತ್ತಿದ ತಾಡಪತ್ರಿಯನ್ನು ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿದಾಗ ಕಂಡಕ್ಟರ್ ಅದನ್ನು ಹೆಣವೆಂದು ತಿಳಿದು, ಬಿಚ್ಚಿ ತೋರಿಸುವ ತನಕ ಗಂಟೆ ಹೊಡೆಯಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಖಂಡಪ್ಪ ಗೋಡೆಯುದ್ದಕ್ಕೂ ಮಲಗಿ, ಮೊದಲು ಬಲಗಾಲನ್ನು, ಆಮೇಲೆ ಎಡಗಾಲನ್ನು ಚಾಚಿದ. ಎರಡೂ ಮನೆಯೊಳಗೇ ಉಳಿದವು. ಸುಖವೆಂದರೆ ಇದೇ ಎಂದುಕೊಂಡ. ಕಣ್ಣಲ್ಲಿ ನೀರೇ ಬಂತು.

ಸುಖ ಡಿಸೆಂಬರ್‌ವರೆಗೆ ಇತ್ತು. ಚಳಿ ಬಿತ್ತೆಂದು ಒಂದು ಭಾನುವಾರ ಕೌದಿ ತರಲು ಹೋದರೆ ಮುರ್ತುಜಾ ಗೇಟಿನೊಳಗಿಂದಲೇ ಕೈ ಬೀಸಿ ಓಡಿಸಿದ. ಸೇಠ ವರಾಂಡದಲ್ಲಿ ಕೂತಿದ್ದ. ಮರುವಾರವೂ ಅದೇ ಕತೆ. ಆಗ ಖಂಡಪ್ಪನ ತಲೆಗೆ ಹೊಳೆಯಿತು: ತನಗೆ ರಜೆ ಇರುವುದು ಭಾನುವಾರ, ಸೇಠ ಇರುವುದೂ ಭಾನುವಾರ. ಹಾವಿನ ತನಕ ವಿಚಾರಿಸಿದ್ದರು, ಇದನ್ನೊಂದನ್ನು ಯಾರೂ ವಿಚಾರಿಸಿರಲಿಲ್ಲ. ಕೌದಿ ತರುತ್ತೇನೆಂದರೆ ಗೋದಿಯ ಸಾಹೇಬ ರಜೆ ಕೊಡುವವನಲ್ಲ. ಹೆಂಡತಿಗೆ ಹೇಳಿದರೆ ಮರ್ಯಾದೆ ಹೋಗುತ್ತದೆ. "ಮುರ್ತುಜಾ ಊರಿಗೆ ಹೋಗ್ಯಾನ" ಎಂದು ಸುಳ್ಳು ಹೇಳಿದ. ಮನೆಮಂದಿಯೆಲ್ಲ ದೇವಕ್ಕನ ಹಳೇ ಸೀರೆ ಹೊದ್ದು ಹನ್ನೆರಡು ದಿನ ನಡುಗಿದರು.

ಜೂನ್‌ನಲ್ಲಿ ಮಳೆಯೂ ಸರಿಯಾಗಿ ಶನಿವಾರವೇ ಹಿಡಿಯಿತು. ಹೆಂಚು ಆರು ಕಡೆ ಸೋರಿತು. ಪಾತೇಲಿ, ಪರಾತ, ಕೊಡ, ಕೊನೆಗೆ ಮಕ್ಕಳ ಹಾಲಿನ ಲೋಟವನ್ನೂ ಸಾಲಾಗಿ ಇಟ್ಟರು. ಅದೂ ಖಂಡಪ್ಪ ಕಾಲು ಚಾಚುವ ಜಾಗದಲ್ಲೇ.

"ಈಗರ ಬಂದಾನೋ ಇಲ್ಲೋ ನಿಮ್ಮ ಮುರ್ತುಜಾ?" ಎಂದಳು ದೇವಕ್ಕ. ಭಾನುವಾರ ಬೆಳಿಗ್ಗೆ ಖಂಡಪ್ಪ ಛತ್ರಿ ತರಲೆಂದು ಛತ್ರಿಯಿಲ್ಲದೆ ಹೊರಟ.

ಪವಾಯಿ ಮುಟ್ಟುವಷ್ಟರಲ್ಲಿ ಅವನ ಮೈಯಲ್ಲಿ ಒಣಗಿದ ಜಾಗವೆಂದರೆ ನಾಲಗೆಯೊಂದೇ. ಬಂಗಲೆಯ ವರಾಂಡದಲ್ಲಿ ಸೇಠ, ಅವನ ನಾಲ್ಕು ಜನ ಅತಿಥಿಗಳು. ಅವರ ನಡುವೆಯೂ ಸೋರುತ್ತಿತ್ತು.

"ಕೌನ್ ಹೈ ಯೆ?" ಎಂದು ಸೇಠ ಗದರಿದ.

ಮುರ್ತುಜಾನ ಮುಖ ಬಿಳಿಚಿಕೊಂಡಿತು. ಆದರೆ ನಾಲಗೆ ನಿಲ್ಲಲಿಲ್ಲ. "ಛಪ್ಪರ್‌ವಾಲಾ ಹೈ ಸಾಬ್!" ನಮ್ಮ ಊರಿನವನೇ, ಛಾವಣಿ ಸೋರುತ್ತದೆಂದು ರಿಪೇರಿಗೆ ಕರೆಸಿದ್ದೇನೆ ಎಂದ.

"ಏ, ನನಗೇನು ಗೊತ್ತೋ ಮಾರಾಯ—" ಎಂದು ಖಂಡಪ್ಪ ಪಿಸುಗುಟ್ಟಿದ.

"ಭಾಯಿ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ನೌಕರಿ ಉಳಸ್ರಿ. ಮ್ಯಾಲ ಏರ್ರಿ."

ಹೀಗೆ ಖಂಡಪ್ಪ ಸುರಿಯುವ ಮಳೆಯಲ್ಲಿ ಸೇಠನ ಛಾವಣಿ ಏರಿದ. ಮುರ್ತುಜಾ ಶೆಡ್ಡಿನಿಂದ ತಾಡಪತ್ರಿ ತಂದು ಮೇಲಕ್ಕೆ ಕೊಟ್ಟ. ಖಂಡಪ್ಪ ತನ್ನ ತಾಡಪತ್ರಿಯನ್ನು, ತನ್ನ ಮನೆಯ ಹಗ್ಗದಿಂದ, ಹನ್ನೊಂದು ವರ್ಷದ ಅನುಭವವನ್ನೆಲ್ಲ ಸುರಿದು ಕಟ್ಟಿದ. ಒಂದು ಹನಿ ಒಳಗೆ ಬೀಳಲಿಲ್ಲ. ಕೆಳಗಿಳಿದಾಗ ಅತಿಥಿಯೊಬ್ಬ ಅವನ ಗಮ್‌ಬೂಟು ಹಾಕಿಕೊಂಡು ಅವನ ಛತ್ರಿ ಹಿಡಿದು ಕೆರೆಯ ಕಡೆ ಹೊರಟಿದ್ದ. ಸೇಠ ಬೆನ್ನು ಚಪ್ಪರಿಸಿ, ಮಾಲು ಒಳ್ಳೆಯದಿದೆ, ಯಾರದ್ದು ಎಂದು ಕೇಳಿದ.

"ಆಪ್‌ಕಾ ಹೀ ಹೈ ಸಾಬ್," ಎಂದು ಮುರ್ತುಜಾ ಎಲ್ಲವನ್ನೂ ಸೇಠನದೇ ಮಾಡಿಬಿಟ್ಟ.

ಖಂಡಪ್ಪ ಬರಿಗೈಲಿ ಮನೆಗೆ ಬಂದು, ಪಾತ್ರೆಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತು, ಹೆಂಡತಿಯ ಮುಂದೆ ಡಿಸೆಂಬರ್‌ನಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡ. ಇಷ್ಟು ಅವಮಾನ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ. ದೇವಕ್ಕ ಬಯ್ಯಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು. ಅವಳು ಕೇಳಿದ್ದು ಒಂದೇ ಮಾತು: "ಸೇಠ ನಾಳೆ ಎಷ್ಟಕ್ಕ ಹೋಗ್ತಾನ?"

ಸೋಮವಾರ ಸಂಜೆ ಅವನು ಕೆಲಸದಿಂದ ಬರುವಾಗ ಮನೆಯ ಹೆಂಚಿನ ಮೇಲೆ ತಾಡಪತ್ರಿ ಇತ್ತು. ಒಳಗೆ ಶೇಗಡಿ ಉರಿಯುತ್ತಿತ್ತು. ಬುಟ್ಟಿಯ ಮೇಲೆ ಮಕ್ಕಳ ಚಡ್ಡಿ ಒಣಗುತ್ತಿದ್ದವು. ಛತ್ರಿ ಮೂರು, ಗಮ್‌ಬೂಟು ಎರಡು ಜೊತೆ, ಕೌದಿ ಆರು, ಗೋಡೆಯುದ್ದಕ್ಕೂ.

"ಹ್ಯಾಂಗ ತಂದಿ?"

"ಹ್ಯಾಂಗಂದ್ರ? ಹತ್ತು ಗಂಟೆಕ ಹೋದೆ, ತಂದೆ. ಸೇಠ ಇರಲಿಲ್ಲ, ಯಾರೂ ಕೇಳಲಿಲ್ಲ. ತಾಡಪತ್ರಿ ಮುರ್ತುಜಾನ ಬಿಚ್ಚಿ, ಜೊತಿಗೆ ಹೊತ್ಕೊಂಡೂ ಬಂದ. ವಾರದಾಗ ಆರು ದಿನ ನಾ ಖಾಲೀನ ಇರ್ತಿದ್ದೆ. ನೀವು ಗಂಡಸರ ವ್ಯವಹಾರ ಅಂದ್ರಿ, ಸುಮ್ಮನಾದೆ."

"ಮತ್ತ ಸೇಠನ ಛಾವಣಿ?"

"ಸೇಠನ ಕಡಿಂದ ಹೊಸ ತಾಡಪತ್ರಿ ತರಸ್ತೀನಿ ಅಂದಾನ ಮುರ್ತುಜಾ. ಆದ್ರ ಕಟ್ಟಾಕ ಛಪ್ಪರ್‌ವಾಲಾ ಬೇಕಂತ. ಗಾಳಿಗೆ ಹಾರಿದ್ರ ನೋಡಾಕೂ ಬೇಕಂತ. ಮಳಿಗಾಲ ಮುಗಿಯೂ ತನಕ ಶನಿವಾರ ಸಂಜಿ, ಆಯಿತ್ವಾರ ನೀವು ಅಲ್ಲೇ ಇರ್ತೀರಿ ಅಂತ ಹೇಳಿ ಬಂದೀನಿ."

"ಅಲ್ಲೆ ಎಲ್ಲಿ ಮಲಗ್ಲಿ?"

"ಶೆಡ್ಡಿನಾಗ. ಸಾಮಾನು ತಗದ ಮ್ಯಾಲ ಎಷ್ಟ ಜಾಗಾ ಆಗೇತಿ ಅಂತೀರಿ! ಬೇಕಾದಂಗ ಕಾಲು ಚಾಚ್ರಿ."

ಶನಿವಾರ ಸಂಜೆ ಧೋ ಎಂದು ಸುರಿಯುತ್ತಿದ್ದಾಗ ಖಂಡಪ್ಪ ಕೈಚೀಲ ಹಿಡಿದು, ಮೂಲೆಯಿಂದ ಒಂದು ಛತ್ರಿ ಎತ್ತಿಕೊಂಡು ಹೊರಟ. ದೇವಕ್ಕ ಹೊಸ್ತಿಲಲ್ಲೇ ಅಡ್ಡಗಟ್ಟಿ ಛತ್ರಿ ಕಸಿದುಕೊಂಡಳು.

"ಇದು ಮನಿಯಾಗ ಇರಲಿ. ಅಲ್ಲಿಗೆ ಹೋದ ಸಾಮಾನು ಹೊಳ್ಳಿ ಬರೂದು ಭಾಳ ತ್ರಾಸು."