ಬೀಗರ ಮೈಮುಟ್ಟದೆ ಕೋಟೆ ಹೊಕ್ಕಿದ್ದು

ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾರನ್ನಾದರೂ ದಾರಿ ಕೇಳಿ ನೋಡಿ. ‘ಗೊತ್ತಿಲ್ಲ’ ಎಂಬ ಉತ್ತರ ಸಿಕ್ಕರೆ ಆ ಮನುಷ್ಯ ಪರವೂರಿನವನೆಂದು ತಿಳಿಯಿರಿ. ನಮ್ಮ ಕಡೆಯವರು ಅಂಥ ಮಾತಾಡಿ ಯಾರ ಮನಸ್ಸನ್ನೂ ನೋಯಿಸುವುದಿಲ್ಲ. ಗೊತ್ತಿದ್ದರೆ ಬಾಯಿಂದ ಹೇಳುತ್ತಾರೆ, ಗೊತ್ತಿಲ್ಲದಿದ್ದರೆ ಕೈ ಮಾಡಿ ತೋರಿಸುತ್ತಾರೆ. ನಮ್ಮ ದೊಡ್ಡಪ್ಪನಂತೂ ದವಾಖಾನೆ ಎಲ್ಲಿ ಎಂದು ಕೇಳಿದವನೊಬ್ಬನನ್ನು ಕೈಹಿಡಿದು ಕರೆದುಕೊಂಡು ಹೋಗಿ ಭತ್ತದ ಮಿಲ್ಲಿನ ಮುಂದೆ ನಿಲ್ಲಿಸಿ ಬಂದಿದ್ದ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ, ಅಲ್ಲೂ ಮಂದಿ ಇರುತ್ತಾರೆ, ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ ಎಂದ. ಇಂಥ ವಂಶದಲ್ಲಿ ಹುಟ್ಟಿದ ನನ್ನನ್ನು ಒಬ್ಬರು ‘ಇಂಗ್ಲಿಷ್ ಬರ್ತದೇನು’ ಎಂದು ಕೇಳಿದರೆ ನಾನು ಏನು ಹೇಳಬೇಕಿತ್ತು, ನೀವೇ ಹೇಳಿ.

ಕೇಳಿದವನು ಶರಣಪ್ಪಣ್ಣ. ನಮ್ಮ ಕಾಲೇಜಿನ ಹಿಂದಿನ ಓಣಿಯಲ್ಲಿ, ತನ್ನ ಮನೆಯ ಪಡಸಾಲೆಯಲ್ಲೇ ಎಸ್‌ಟಿಡಿ ಬೂತ್ ಇಟ್ಟುಕೊಂಡವನು. ಲಗ್ನಪತ್ರಿಕೆ ತಯಾರು ಮಾಡಲೆಂದು ಒಂದು ಕಂಪ್ಯೂಟರನ್ನೂ ತಂದಿಟ್ಟಿದ್ದ. ಮದುವೆಯ ಹಂಗಾಮಿನಲ್ಲಿ ಅದರ ಹತ್ತಿರ ಗಟ್ಟಿಯಾಗಿ ಉಸಿರಾಡಲೂ ಬಿಡುತ್ತಿರಲಿಲ್ಲ. ಆದರೆ ಆಷಾಢ ಬಂತೆಂದರೆ ಲಗ್ನಗಳು ನಿಂತು, ಕಂಪ್ಯೂಟರು ಟವೆಲ್ ಹೊದ್ದುಕೊಂಡು ಮಲಗಿಬಿಡುತ್ತಿತ್ತು. ಅಂಥದೊಂದು ಆಷಾಢದಲ್ಲಿ ರಿಪೇರಿಗೆಂದು ರಾಯಚೂರಿನಿಂದ ಬಂದವನು ಒಂದು ಸೀಡಿ ಬಿಟ್ಟು ಹೋದ. ಹಾಕಿ ನೋಡಿದರೆ ಕತ್ತಲು. ಕತ್ತಲಲ್ಲಿ ಒಂದು ಕೋಟೆ, ಕೋಟೆಯ ಹೊರಗೆ ಕರಿ ಕಂಬಳಿ ಹೊದ್ದ ಒಬ್ಬ ಮನುಷ್ಯ, ಅವನ ತಲೆಯ ಮೇಲೆ ಪರದೆ ತುಂಬ ಇಂಗ್ಲಿಷು.

ಫೋನ್ ಮಾಡಲು ಬಂದವರು, ಫೋನ್ ಬರುವುದನ್ನು ಕಾಯುವವರು, ಎರಡೂ ಕೆಲಸವಿಲ್ಲದ ನನ್ನಂಥವರು ಎಲ್ಲರೂ ಸುತ್ತ ನಿಂತಿದ್ದೆವು. ಆಟ ಆಡುವ ಕುರ್ಚಿ ಒಂದೇ. ಅದರ ಮೇಲೆ ಎಲ್ಲರ ಕಣ್ಣು. ಶರಣಪ್ಪಣ್ಣ ನ್ಯಾಯವಾಗಿ ತೀರ್ಪು ಕೊಟ್ಟ. ಇದನ್ನು ಓದಿ ಹೇಳುವವನೇ ಕೂರಲಿ, ಉಳಿದವರು ನಿಂತು ನೋಡಲಿ ಎಂದ. ಓಣಿಯ ಹುಡುಗರೆಲ್ಲ ಕಾಲ್ಬೆರಳು ನೋಡಿಕೊಂಡರು. ನಾನು ಜವಳಗೇರಾದಿಂದ ದಿನಾ ಬಸ್ಸಿನಲ್ಲಿ ಬರುವ ಪಿಯುಸಿ ಹುಡುಗ. ಎಸೆಸೆಲ್ಸಿಯ ಇಂಗ್ಲಿಷ್ ಪೇಪರಿನಲ್ಲಿ ನಾನು ಎಷ್ಟು ಕಷ್ಟಪಟ್ಟು ದಡ ಸೇರಿದೆ ಎಂಬುದು ಜವಳಗೇರಾಕ್ಕೆಲ್ಲ ಗೊತ್ತು, ಸಿಂಧನೂರಿಗೆ ಗೊತ್ತಿರಲಿಲ್ಲ. ಹದಿನೈದು ಕಿಲೋಮೀಟರ್ ದೂರವೆಂಬುದು ಮನುಷ್ಯನ ಮರ್ಯಾದೆಗೆ ಎಷ್ಟು ಒಳ್ಳೆಯದು ಎಂದು ಅವತ್ತೇ ನನಗೆ ತಿಳಿದದ್ದು. "ಸರಳ ಇಂಗ್ಲಿಷ್ ಅದ" ಎಂದು ಹೇಳಿ ಕುರ್ಚಿಯಲ್ಲಿ ಕುಳಿತೆ.

ಆಟದಲ್ಲಿ ಓಡಬಹುದು, ಬಗ್ಗಿ ನಡೆಯಬಹುದು, ಕಲ್ಲು ಎಸೆಯಬಹುದು, ಒಂದು ಕೀಲಿ ಒತ್ತಿದರೆ ಚಾಕು ಹಾಕಬಹುದು. ಕೋಟೆಯ ತುಂಬ ಕಾವಲುಗಾರರು. ಅವರ ಕಣ್ಣು ತಪ್ಪಿಸಿ ಹೋಗುವುದೋ, ಒಬ್ಬೊಬ್ಬರನ್ನೇ ಮುಗಿಸುತ್ತ ಹೋಗುವುದೋ ಆಡುವವನ ಇಷ್ಟ. ನಾನು ಯೋಚಿಸದೆ ಬಾಗಿಲಲ್ಲಿದ್ದ ಮೊದಲನೆಯವನಿಗೆ ಚಾಕು ಹಾಕಿದೆ. ಆಗ ಹಿಂದಿನಿಂದ ಒಂದು ದನಿ, ಅಂವ ಯಾರು, ಅವನನ್ನು ಯಾಕೆ ಹೊಡೆದ ಎಂದು ಕೇಳಿತು. ಶರಣಪ್ಪಣ್ಣನ ತಾಯಿ. ಇಡೀ ಓಣಿಗೆ ಆಯಿ. ಹೊಸ್ತಿಲ ಹತ್ತಿರ ಕುಳಿತು ಬತ್ತಿ ಹೊಸೆಯುತ್ತಿದ್ದವಳು ಯಾವಾಗ ಪರದೆಯ ಮುಂದೆ ಬಂದಿದ್ದಳೋ ಗೊತ್ತಿಲ್ಲ.

ಪರದೆಯ ಮೇಲಿದ್ದ ಇಂಗ್ಲಿಷಿನಲ್ಲಿ ನನಗೆ ಗುರುತು ಸಿಕ್ಕದ್ದು ‘ನೈಟ್’ ಎಂಬ ಒಂದೇ ಪದ. ಆ ಒಂದು ಪದದಿಂದ ಇಡೀ ಕಥೆ ಹುಟ್ಟಿಸಿದೆನಲ್ಲ, ಅದಕ್ಕೆ ಕಾಲೇಜಿನವರು ಏನಾದರೂ ಬಹುಮಾನ ಇಟ್ಟಿದ್ದರೆ ಚೆನ್ನಾಗಿತ್ತು. ನಾಗರ ಪಂಚಮಿ ಹತ್ತಿರ ಬಂದಿದೆ, ಈ ಹುಡುಗ ತಂಗಿಯನ್ನು ತವರಿಗೆ ಕರೆಯಲು ಬಂದಿದ್ದಾನೆ, ಗಂಡನ ಮನೆಯವರು ಕಳಿಸುವುದಿಲ್ಲ ಎಂದು ಅವಳನ್ನು ಮೇಲಿನ ಬುರುಜಿನಲ್ಲಿ ಕೂಡಿಹಾಕಿದ್ದಾರೆ, ಅದಕ್ಕೇ ರಾತ್ರಿ ಬಂದಿದ್ದಾನೆ ಎಂದೆ. ಜನ ‘ಹೌದಲ್ಲ’ ಎಂದು ತಲೆಯಾಡಿಸಿದರು. ಪಂಚಮಿಗೆ ಹೆಣ್ಣುಮಗಳನ್ನು ಕಳಿಸದ ಬೀಗರ ಮೇಲೆ ಪಡಸಾಲೆಗೆ ಪಡಸಾಲೆಯೇ ಸಿಟ್ಟಾಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಆಯಿ ಬಾಯಿ ತೆರೆದಳು.

"ಅಂದ್ರ ಇವ್ರೆಲ್ಲಾ ಬೀಗರಾದ್ರು. ಬೀಗರ ಮೈಮ್ಯಾಲೆ ಕೈ ಮಾಡಿದ್ರ ನಾಳಿ ಆ ಹುಡುಗಿ ಬಾಳೇ ಏನಾಗಬೇಕಲೇ ಬಸ್ಯಾ?"

ಬಸ್ಯಾ ಎಂದರೆ ನಾನೇ. ಕಥೆ ಹುಟ್ಟಿಸುವಾಗ ಮುಂದಿನ ಬಾಗಿಲು ನೋಡಿಕೊಳ್ಳಬೇಕು, ನಾನು ನೋಡಿರಲಿಲ್ಲ. ಬೇಕೆಂದರೆ ಅವರೆಲ್ಲ ಡಕಾಯಿತರು ಎನ್ನಬಹುದಿತ್ತು. ಆದರೆ ಒಮ್ಮೆ ಓದಿ ಹೇಳಿದ ಇಂಗ್ಲಿಷನ್ನು ಬದಲಿಸಿದರೆ ಕುರ್ಚಿ ಉಳಿಯುವುದೇ? ಆಯಿ ಮಗನಿಗೆ ಹೇಳಿದಳು, ಮಗ ಗಾಯಕ್ಕೆ ಅಂಟಿಸುವ ದವಾಖಾನೆಯ ಪಟ್ಟಿ ತಂದು ಚಾಕುವಿನ ಕೀಲಿಯ ಮೇಲೆ ಬಿಗಿಯಾಗಿ ಅಂಟಿಸಿಬಿಟ್ಟ. ಅಲ್ಲಿಗೆ ನನ್ನ ಚಾಕು ಹೋಯಿತು. ಬೀಗರ ಒಂದು ಕೂದಲೂ ಕೊಂಕದ ಹಾಗೆ ತಂಗಿಯನ್ನು ಕರೆತರಬೇಕು, ಅದೂ ಪಂಚಮಿಯೊಳಗೆ. ಪಂಚಮಿ ಕಳೆದರೆ ಮತ್ತೆ ಲಗ್ನಪತ್ರಿಕೆಗಳು ಶುರು, ಕಂಪ್ಯೂಟರ್ ಕೈತಪ್ಪುತ್ತದೆ.

ಜಗತ್ತಿನ ಬೇರೆ ಹುಡುಗರೆಲ್ಲ ಆ ಆಟವನ್ನು ಕೊಂದು ಆಡಿರಬಹುದು. ನಾನು ಅಡಗಿ ಆಡಿದೆ, ಅದರಲ್ಲಿ ನನ್ನ ಸಮ ಯಾರೂ ಇಲ್ಲ. ಕಂಬದ ಹಿಂದೆ ನಿಂತು ಕಾವಲುಗಾರ ಎತ್ತ ಹೋಗುತ್ತಾನೆ, ಎಲ್ಲಿ ತಿರುಗುತ್ತಾನೆ ಎಂದು ನೋಡಿಕೊಂಡೆ. ಅವರೆಲ್ಲ ಮಸ್ಕಿಯಲ್ಲಿ ಚಹಾಕ್ಕೆ ಇಳಿದ ಬಸ್ಸಿನ ಡ್ರೈವರಂತೆ. ಆಚೆ ಹೋಗುವುದು, ನಿಲ್ಲುವುದು, ಮೈಮುರಿಯುವುದು, ತಿರುಗಿ ಬರುವುದು. ಅವರು ಮೈಮುರಿಯುವಾಗ ನಾನು ದಾಟುತ್ತಿದ್ದೆ. ಆ ಮೂಲೆಗೆ ಕಲ್ಲು ಎಸೆದರೆ ಅತ್ತ ಓಡುತ್ತಿದ್ದರು, ನಾನು ಇತ್ತ ಹೋಗುತ್ತಿದ್ದೆ. ಪಡಸಾಲೆಯಲ್ಲಿ ಸದ್ದಾದರೆ ಕೋಟೆಯಲ್ಲಿ ಕೇಳುತ್ತದೆ ಎಂದು ಜನ ಚಪ್ಪಲಿಯನ್ನು ಹೊರಗೆ ಬಿಡತೊಡಗಿದರು. ಒಬ್ಬ ಗುರುಗುಂಟಾದ ಕುರಿ ವ್ಯಾಪಾರಿ ಟ್ರಂಕ್ ಕಾಲಿನ ಕಾಲದಿಂದ ರೂಢಿಯಾದ ದೊಡ್ಡ ದನಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ಅದೇ ಹೊತ್ತಿಗೆ ಕಾವಲುಗಾರ ತಿರುಗಿ ನೋಡಿ ನನ್ನನ್ನು ಹಿಡಿದುಬಿಟ್ಟ. ಜನ ವ್ಯಾಪಾರಿಯ ಮೇಲೆ ಹಾಯ್ದು ಹೋದರು. ಆ ಬಡಪಾಯಿ ‘ನನಗ ಗೊತ್ತಿರಲಿಲ್ರೀ, ಒಳಗ ಹೆಣ್ಣಮಗಳ ವಿಷಯ ನಡದದ ಅಂತ’ ಎಂದು ಕ್ಷಮೆ ಕೇಳಿ, ಫೋನಿಟ್ಟು, ತಾನೂ ನೋಡಲು ನಿಂತ.

ಆಯಿಯ ಕಾನೂನುಗಳು ಬೇರೆ. ಒಬ್ಬ ಕಾವಲುಗಾರ ರೊಟ್ಟಿಯಂಥದ್ದೇನೋ ತಿನ್ನುತ್ತ ಕುಳಿತಿದ್ದ. ಇದೇ ಹೊತ್ತು ಎಂದು ನಾನು ಹೊರಟರೆ, ಉಣ್ಣುವವರನ್ನು ದಾಟಿ ಹೋಗಬಾರದು, ನಿಲ್ಲು ಎಂದಳು. ಅವನು ಉಂಡು ಏಳುವವರೆಗೆ ನನ್ನ ಕರಿ ಕಂಬಳಿಯವನು ಪೀಪಾಯಿಯ ಹಿಂದೆ ಕುಳಿತಿದ್ದ. ನಡುವೆ ಕರೆಂಟ್ ಹೋದರೆ ಆಟ ಮೊದಲಿನಿಂದ. ಆಟವನ್ನು ಇದ್ದಲ್ಲಿಗೇ ಉಳಿಸಿಕೊಳ್ಳುವ ಉಪಾಯವಿದೆ ಎಂದು ಅದೇ ಇಂಗ್ಲಿಷಿನಲ್ಲಿ ಬರೆದಿತ್ತಂತೆ. ನಮಗೇನು ಗೊತ್ತು. ಪ್ರತಿ ಸಲ ಅವನು ಕೋಟೆಯ ಹೊರಗೆ ನಿಂತದ್ದು ನೋಡಿ ಆಯಿ, ಪಾಪ, ಊರಿಗೆ ಹೋಗಿ ಉಂಡು ಬಂದಾನ ಎನ್ನುತ್ತಿದ್ದಳು. ಅಲ್ಲಲ್ಲಿ ಆಟ ತಾನೇ ನಿಂತು, ಇಂಗ್ಲಿಷಿನಲ್ಲಿ ಏನೋ ಕೇಳಿ, ಕೆಳಗೆ ಒಂದು, ಎರಡು ಎಂದು ಎರಡು ಉತ್ತರ ತೋರಿಸುತ್ತಿತ್ತು. ನಾನು ಕಣ್ಣು ಕಿರಿದು ಮಾಡಿ ಓದಿದಂತೆ ಮಾಡಿ, ಯಾವಾಗಲೂ ಒಂದನ್ನೇ ಒತ್ತುತ್ತಿದ್ದೆ. ಒಂದು ಶುಭ. ಸರಿಹೋದರೆ ನನ್ನ ಇಂಗ್ಲಿಷು, ಸಿಕ್ಕಿಬಿದ್ದರೆ ಯಾರದೋ ಕೆಮ್ಮು.

ಇಷ್ಟರ ನಡುವೆ ಆಯಿಗೊಂದು ನಿಜವಾದ ಮಗಳಿದ್ದಾಳೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಶಾಂತಕ್ಕ. ಕೊಟ್ಟದ್ದು ಲಿಂಗಸುಗೂರಿಗೆ. ಹಿಂದಿನ ವರ್ಷದ ಪಂಚಮಿಯಲ್ಲಿ ಅವಳ ಗಂಡ, ಈ ಮನೆಯ ಶೇಂಗಾ ಉಂಡಿಯಿಂದ ಗೋಡೆಗೆ ಮೊಳೆ ಹೊಡೆಯಬಹುದು ಎಂದಿದ್ದನಂತೆ. ಅದನ್ನು ಶರಣಪ್ಪಣ್ಣ ಮನಸ್ಸಿಗೆ ಹಚ್ಚಿಕೊಂಡು, ಈ ವರ್ಷ ತಾನು ಕರೆಯಲು ಹೋಗುವುದಿಲ್ಲ ಎಂದು ಹಟ ಹಿಡಿದಿದ್ದ. ಆಯಿ ಒಂದು ದಿನವೂ ಮಗನ ಮುಂದೆ ಬಾಯಿ ಬಿಟ್ಟು ಕೇಳಿರಲಿಲ್ಲ. ಒಂದು ಮಧ್ಯಾಹ್ನ ನಾನು ಮೂರು ಕಾವಲುಗಾರರ ನಡುವಿನಿಂದ ನುಸುಳಿ ಬುರುಜಿನ ಮೆಟ್ಟಿಲು ಮುಟ್ಟಿದಾಗ, ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು.

"ಆ ಹುಡುಗ ನೋಡು ಶರಣ್ಯಾ. ಬೀಗರು ಕತ್ತಿ ಹಿಡ್ಕೊಂಡು ನಿಂತಾರ, ಆದ್ರೂ ತಂಗಿ ಬೇಕಂತ ಹೊಂಟಾನ. ನಮ್ಮ ಶಾಂತಿ ಮನಿ ಮುಂದ ಒಂದು ನಾಯೀನೂ ಇಲ್ಲ."

ಶರಣಪ್ಪಣ್ಣ ಸ್ವಲ್ಪ ಹೊತ್ತು ಬಿಲ್ಲಿನ ಮಷೀನು ನೋಡಿದ, ಆಮೇಲೆ ಅಂಗಿ ಬದಲಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋದ. ನನ್ನ ಕಥೆಯ ಬಲ ನೋಡಿ ಎಂದು ನಾನು ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿದೆ. ಮರುದಿನ ಕಾಲೇಜು ಬಿಟ್ಟು ಬಂದಾಗ ಶಾಂತಕ್ಕ ಅಡುಗೆಮನೆಯಲ್ಲಿ ನಗುತ್ತಿದ್ದಳು, ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿ ನಿಂತಿದ್ದಳು. ಶಾಂತಕ್ಕನ ಮಗಳು ಸುಮಾ, ಒಂಬತ್ತನೇ ಇಯತ್ತೆ. ಲಿಂಗಸುಗೂರಿನಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆ ಎಂದು ಆಯಿ ಹೆಮ್ಮೆಯಿಂದ ಹೇಳಿದಳು. ನನ್ನ ಹೊಟ್ಟೆಯಲ್ಲಿ ಆ ವರ್ಷದ ಮೊದಲ ಉಂಡಿ ಬಿದ್ದ ಹಾಗಾಯಿತು, ಮೊಳೆ ಹೊಡೆಯುವ ಜಾತಿಯದು. ಪಂಚಮಿಯ ಕಥೆ ಕಟ್ಟಿದವನು ನಾನು, ಆ ಕಥೆಯೇ ಲಿಂಗಸುಗೂರಿಗೆ ಹೋಗಿ ಇವಳನ್ನು ಕರೆದುಕೊಂಡು ಬಂದಿತ್ತು.

ಆದರೂ ಕುಳಿತೆ. ಏಳುವುದು ನಮ್ಮ ವಂಶದಲ್ಲಿಲ್ಲ. ಅವತ್ತು ನಾಗರ ಪಂಚಮಿಯ ಹಿಂದಿನ ದಿನ, ಮನೆಯ ತುಂಬ ಜನ, ಜೊತೆಗೆ ಕರೆಂಟೂ ಇತ್ತು. ಸುಮಾ ನನ್ನ ಕುರ್ಚಿಯ ಹಿಂದೆಯೇ ನಿಂತಳು. ನಾನು ಬಾಗಿಲು ದಾಟಿದೆ, ಅಂಗಳ ದಾಟಿದೆ, ಉಣ್ಣುವವನು ಉಂಡು ಏಳುವವರೆಗೆ ಕಾದೆ, ಮೆಟ್ಟಿಲು ಹತ್ತಿದೆ. ಒಬ್ಬ ಬೀಗನಿಗೂ ನನ್ನ ನೆರಳು ತಾಗಲಿಲ್ಲ. ಬುರುಜಿನ ಬಾಗಿಲು ತೆರೆಯಿತು. ಒಳಗೆ ಕಿಟಕಿಯ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಆಯಿ ಸೆರಗು ಸರಿಮಾಡಿಕೊಂಡಳು. ಆಟ ನಿಂತಿತು. ಪರದೆ ತುಂಬ ಇಂಗ್ಲಿಷು, ಕೆಳಗೆ ಒಂದು, ಎರಡು.

ತಂಗಿ ‘ಬಂದೆಯಾ ಅಣ್ಣಾ’ ಎನ್ನುತ್ತಿದ್ದಾಳೆ ಎಂದು ಓದಿ, ನಾನು ರೂಢಿಯಂತೆ ಒಂದರ ಮೇಲೆ ಬೆರಳಿಟ್ಟೆ.

"ಅಣ್ಣಾ, ಅದ್ರಾಗ ಹಂಗ ಬರದಿಲ್ರೀ" ಎಂದಳು ಸುಮಾ.

ಪಡಸಾಲೆಯ ಕಣ್ಣುಗಳೆಲ್ಲ ನನ್ನ ಬೆನ್ನಿನ ಮೇಲೆ ಬಿದ್ದವು. ಶರಣಪ್ಪಣ್ಣ ಕುರ್ಚಿಯ ಹಿಂಬದಿಗೆ ಕೈಯಿಟ್ಟ. ಹಾಗಾದರೆ ಏನು ಬರೆದಿದೆ ಹೇಳವ್ವ ಎಂದಳು ಆಯಿ. ಸುಮಾ ಪರದೆ ಓದಿದಳು, ತುಟಿ ಅಲ್ಲಾಡಿಸದೆ, ನಿಜವಾಗಿ ಓದುವವರು ಓದುವ ಹಾಗೆ. ಆಮೇಲೆ ಆಯಿಯ ಮುಖ ನೋಡಿದಳು, ಅವಳ ಪಕ್ಕದಲ್ಲಿ ಹಿಟ್ಟಿನ ಕೈಯಲ್ಲೇ ಬಂದು ನಿಂತ ತನ್ನ ತಾಯಿಯನ್ನು ನೋಡಿದಳು. ಆಮೇಲೆ ನನ್ನನ್ನು. ಆ ನೋಟವಿತ್ತಲ್ಲ, ಅದರ ಮುಂದೆ ಕೋಟೆಯ ಕಾವಲುಗಾರರೆಲ್ಲ ಕುರುಡರು.

"ತಂಗಿ ಕೇಳಾಕತ್ತಾಳ, ಇಷ್ಟು ತಡಾ ಯಾಕ ಮಾಡಿದಿ, ದಾರ್ಯಾಗ ಬೋರ್ಡ್ ಇದ್ವಲ್ಲ, ನಿನಗ ಓದಾಕ ಬರಂಗಿಲ್ಲೇನು ಅಂತ" ಎಂದಳು ಸುಮಾ. "ಒಂದು ಒತ್ತಬ್ಯಾಡ್ರೀ ಅಣ್ಣಾ. ಎರಡು ಒತ್ರಿ."

ಎರಡು ಒತ್ತಿದೆ. ಆ ಹೆಂಗಸು ಕಿಟಕಿ ಬಿಟ್ಟು ಬಂದಳು, ಇಬ್ಬರೂ ಹಿಂಬಾಗಿಲಿನಿಂದ ಹೊರಗೆ ನಡೆದರು, ಹೊರಗೆ ಬೆಳಕು ಹರಿಯುತ್ತಿತ್ತು. ಕುರಿ ವ್ಯಾಪಾರಿ ಮೂಗು ಒರೆಸಿಕೊಂಡ. ಆಯಿ ಶಾಂತಕ್ಕನ ಹಿಟ್ಟಿನ ಕೈ ಹಿಡಿದುಕೊಂಡು ಒಳಗೆ ಹೋದಳು, ಉಂಡಿಯ ತಾಟು ಹಿಡಿದು ಬಂದು ಮೊದಲ ಉಂಡಿ ನನಗೇ ಕೊಟ್ಟಳು. ಮೆತ್ತಗಿತ್ತು.

ಮರುದಿನ ಅವರ ಹಿತ್ತಲ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯ ಮೇಲೆ ಕುಳಿತು ಸುಮಾ ನನಗೆ ನಿಜ ಹೇಳಿದಳು. ಆ ಕಂಬಳಿಯವನು ಅಣ್ಣನೂ ಅಲ್ಲ, ತಮ್ಮನೂ ಅಲ್ಲ. ಆ ಹೆಂಗಸನ್ನು ಕೊಲ್ಲಲು ಯಾರೋ ಕಳಿಸಿದವನು. ಒಂದು ಒತ್ತಿದ್ದರೆ ಅಲ್ಲೇ ಚಾಕು ಹಾಕುತ್ತಿದ್ದ, ಅದಕ್ಕೆ ಪಟ್ಟಿ ಅಂಟಿಸಿದ ಕೀಲಿಯೂ ಬೇಕಿರಲಿಲ್ಲ. ಹಬ್ಬದ ಹಿಂದಿನ ದಿನ, ಆಯಿಯ ಕಣ್ಣೆದುರಿಗೆ, ಶಾಂತಕ್ಕ ನಿಂತು ನೋಡುತ್ತಿದ್ದಾಗ ನಾನು ತವರಿಗೆ ಬರುವವಳನ್ನು ಮುಗಿಸುತ್ತಿದ್ದೆ, ಒಂದು ಬೆರಳಿನಲ್ಲಿ. ಆದರೂ ಒಂದು ಮಾತು ಒಪ್ಪಬೇಕು. ಕೊಲೆಗಾರನೊಬ್ಬನನ್ನು ಕಟ್ಟಿಕೊಂಡು ಒಂದು ಹನಿ ರಕ್ತ ಬೀಳದ ಹಾಗೆ ಪಂಚಮಿ ಮಾಡಿಸಿದವನು ನಾನು. ಆಟ ತಯಾರಿಸಿದವರಿಗೇ ಹೊಳೆಯದ ಕಥೆ ಅದು. ಇದನ್ನು ಸುಮಾಗೂ ಹೇಳಿದೆ. ಅವಳು, ನಿಮ್ಮ ಗುಟ್ಟು ನನ್ನ ಹತ್ತಿರ ಇರಲಿ, ಕುರ್ಚಿ ನನಗಿರಲಿ ಎಂದಳು.

ಲಗ್ನಪತ್ರಿಕೆ ಶುರುವಾಗುವವರೆಗೆ ಕುರ್ಚಿ ಅವಳದಾಯಿತು. ಆಟ ಮತ್ತೆ ಮೊದಲಿನಿಂದ. ಅವಳು ಓದಿ ಹೇಳುವುದು, ಪಕ್ಕದಲ್ಲಿ ನಿಂತ ನಾನು ‘ಹೌದು, ಹಂಗ ಬರದದ’ ಎಂದು ಸಾಕ್ಷಿ ಹೇಳುವುದು. ಜನರಿಗೆ ಈಗ ಇಬ್ಬರು ಓದಿದವರು ಸಿಕ್ಕಂತಾಗಿ ಕಥೆಯ ಮೇಲೆ ನಂಬಿಕೆ ಇನ್ನೂ ಹೆಚ್ಚಾಯಿತು. ಮೊದಲ ದಿನವೇ ಅವಳು ಕೋಟೆಯ ಬಾಗಿಲಿನ ಕಾವಲುಗಾರನನ್ನು ತೋರಿಸಿ, ಇವನ ಹೆಸರು ಬಸ್ಯಾ ಎಂದು ಬರೆದಿದೆ, ಇವನಿಗೆ ಓದಲು ಬಾರದು, ಬಂದವರಿಗೆಲ್ಲ ತಪ್ಪು ದಾರಿ ತೋರಿಸುವುದೇ ಇವನ ಕೆಲಸ ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಹೌದು, ಹಂಗ ಬರದದ ಎಂದೆ.

ಆಯಿ ಕನ್ನಡಕ ಏರಿಸಿ ಅವನನ್ನು ಚೆನ್ನಾಗಿ ನೋಡಿದಳು. ಇವನೂ ಬೀಗರ ಪೈಕಿಯೇನು ಎಂದು ಕೇಳಿದಳು. ಇಲ್ಲ, ಜವಳಗೇರಾದಿಂದ ದಿನಾ ಬಸ್ಸಿಗೆ ಬಂದು ಹೋಗುವವನು ಎಂದಳು ಸುಮಾ. ಆಯಿ ಕೀಲಿಯ ಮೇಲಿದ್ದ ಪಟ್ಟಿಯನ್ನು ಉಗುರಿನಿಂದ ನಿಧಾನವಾಗಿ ಕಿತ್ತು ತೆಗೆದಳು.

"ಹಂಗಾದ್ರ ಹೊಡಿಯವ್ವ."